ತಂಬೂರಿ ಕತೆ ಕೇಳದೆ ಷಟ್ಪದಿಗೆ ಕೈ ಹಾಕಬೇಡಿ

ನಿಮ್ಮೂರ ಮಾರಮ್ಮನ ಕತೆಯನ್ನು ಪದ್ಯದಲ್ಲಿ ಬರೆಯಬೇಕು, ಭಾಮಿನಿ ಷಟ್ಪದಿ ಕಲಿಯೋಕೆ ಯಾವ ಪುಸ್ತಕ ಓದಲಿ ಅಂತ ಕೇಳಿದ್ದೀರಿ. ನಾನೂ ಹೀಗೇ ಶುರು ಮಾಡಿದವನು. ಪುಸ್ತಕ ಆಮೇಲೆ ಇರಲಿ.

ನಮ್ಮದು ಮಳವಳ್ಳಿ ಕಡೆಯ ಊರು. ಸಂತ ಮಂಟೇಸ್ವಾಮಿ, ಅವರ ಶಿಷ್ಯ ಸಿದ್ದಪ್ಪಾಜಿ, ಇವರಿಬ್ಬರ ಒಕ್ಕಲಿನವರು ನಮ್ಮಲ್ಲಿ ಜಾಸ್ತಿ. ಹರಕೆ ಹೊತ್ತವರು, ಇವರ ಕತೆಯನ್ನು ತಂಬೂರಿ ಹಿಡಿದು ಹಾಡುವ ನೀಲಗಾರರನ್ನು ಕರೆಸಿ ಮನೆ ಮುಂದೆ ರಾತ್ರಿಯಿಡೀ ಕತೆ ಮಾಡಿಸುತ್ತಾರೆ. ಮೈಸೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ, ಅಂದರೆ ಕಮ್ಮಾರರ, ಹತ್ತಿರ ಕಬ್ಬಿಣದ ಭಿಕ್ಷೆಗೆ ಹೋಗುವ ಭಾಗವನ್ನು ಷಟ್ಪದಿಯಲ್ಲಿ ಬರೆಯುವ ಆಸೆ ಹುಟ್ಟಿತು. ನಮ್ಮ ಮನೆಗೆ ಹಾಡುತ್ತಿದ್ದ ಹಿರಿಯ ನೀಲಗಾರರೊಬ್ಬರ ಮುಂದೆ ಫೋನ್ ಇಟ್ಟು ರೆಕಾರ್ಡ್ ಮಾಡಲು ಕೂತೆ.

ಎಡವಿದ್ದು ಅಲ್ಲೇ. ಹಿಮ್ಮೇಳದವರು ಸೊಲ್ಲು, ಅಂದರೆ ಪಲ್ಲವಿಯ ಸಾಲು, ಎತ್ತಿದಾಗೆಲ್ಲ ರೆಕಾರ್ಡಿಂಗ್ ನಿಲ್ಲಿಸುತ್ತಿದ್ದೆ. ಅದೇ ಸಾಲನ್ನು ಮತ್ತೆ ಮತ್ತೆ ಯಾಕೆ ಹಿಡಿಯಬೇಕು, ಸುಮ್ನೆ ಫೋನ್ ತುಂಬುತ್ತೆ ಅಂದುಕೊಂಡೆ. ಅವರು ಹಾಡು ನಿಲ್ಲಿಸಿ ಬರೀ ಮಾತಿನಲ್ಲಿ ಹೇಳಿದ್ದನ್ನೂ ಬಿಟ್ಟೆ. ಪದ್ಯ ಅಲ್ಲವಲ್ಲ ಅಂತ. ಬರೆಯುವಾಗ ಇನ್ನಷ್ಟು ಕತ್ತರಿಸಿದೆ. ಒಮ್ಮೆ ಬಂದ ಹೆಸರು ಮತ್ತೆ ಬರದ ಹಾಗೆ ನೋಡಿಕೊಂಡೆ.

ಊರ ಹಬ್ಬದಲ್ಲಿ ಓದಿದೆ. ಒಂದು ಮಾತ್ರೆಯೂ ತಪ್ಪಿರಲಿಲ್ಲ. ಮೊದಲೆರಡು ಸಾಲಿಗೆ 14, ಮೂರನೆಯದಕ್ಕೆ 23, ಎಣಿಸಿ ಎಣಿಸಿ ಕೂರಿಸಿದ್ದೆ. ಸ್ವಲ್ಪ ಹೊತ್ತಿಗೆ ಮುಂದೆ ಕೂತಿದ್ದ ಅಜ್ಜಿಯೊಬ್ಬರು ಕೇಳಿದರು, "ಈಗ ಮಾತಾಡ್ತಿರೋದು ಸಿದ್ದಪ್ಪಾಜಿನಾ, ಪಾಂಚಾಳದೋರಾ, ಮಗ?" ಆ ಕತೆ ಅವರಿಗೆ ಬಾಯಲ್ಲೇ ಇತ್ತು. ಆದರೂ ನನ್ನ ಪದ್ಯದಲ್ಲಿ ದಾರಿ ತಪ್ಪಿತು.

ಯಾಕೆ ಅನ್ನೋದು ಆಮೇಲೆ ಒಂದು ರಾತ್ರಿ ಪೂರ್ತಿ ಕೂತು ಕೇಳಿದಾಗ ತಿಳಿಯಿತು. ಒಬ್ಬರು ತಂಬೂರಿ ಮೀಟುತ್ತಾ, ಗಲ್ ಗಲ್ ಅನ್ನುವ ಗಗ್ಗರ ಆಡಿಸುತ್ತಾ ಕತೆ ಹೇಳುತ್ತಾರೆ. ಹಿಮ್ಮೇಳ ಸೊಲ್ಲು ಎಳೆಯುವ ಹೊತ್ತಿಗೆ ಅವರು ಉಸಿರು ತಗೊಳ್ಳುತ್ತಾರೆ, ಮುಂದಿನ ಸಾಲನ್ನು ಕಟ್ಟಿಕೊಳ್ಳುತ್ತಾರೆ. ಕೇಳುವವರು ಹಿಂದಿನದನ್ನು ಮನಸ್ಸಿಗೆ ಇಳಿಸಿಕೊಳ್ಳುವುದೂ ಆಗಲೇ. ಮಗು ಮಲಗಿಸಿ ಬಂದವರಿಗೂ ಕತೆ ಸಿಗುತ್ತದೆ. ಮಂಟೇಸ್ವಾಮಿಗೆ 'ಧರೆಗೆ ದೊಡ್ಡವರು' ಅಂತ ಮತ್ತೆ ಮತ್ತೆ ಸೇರಿಸುವುದು ಭಕ್ತಿಯಿಂದ ಹೌದು, ತಾಳ ತುಂಬುವುದಕ್ಕೂ ಹೌದು. ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ 1930ರ ದಶಕದಲ್ಲಿ ಯುಗೊಸ್ಲಾವಿಯಾದ ಹಳ್ಳಿ ಹಾಡುಗಾರರಲ್ಲಿ ಕಂಡಿದ್ದೂ ಇದನ್ನೇ. ಅವರದು ಬರೀ ಬಾಯಿಪಾಠವಲ್ಲ. ಸಿದ್ಧ ನುಡಿಗಳನ್ನು ಜೋಡಿಸುತ್ತಾ ಹಾಡುವಾಗಲೇ ಕಟ್ಟುತ್ತಾರೆ. ಅವರಲ್ಲಿ ಅವ್ದೊ ಮೆಜೆದೊವಿಚ್ ಎಂಬಾತ ಓದು ಬರಹ ಬಾರದೆಯೂ 12,000ಕ್ಕೂ ಹೆಚ್ಚು ಸಾಲಿನ ಕತೆ ಹೇಳಿದ.

ನನ್ನ ನೀಲಗಾರರಿಗೆ ಈಗ ರಾತ್ರಿಯಿಡೀ ಹಾಡುವ ಶಕ್ತಿ ಇಲ್ಲ. ನನ್ನ ಹತ್ತಿರ ಉಳಿದಿರುವುದು ತುಂಡು ತುಂಡು.

ಹಾಗಾಗಿ ಛಂದಸ್ಸು ಮೊದಲು ಅನ್ನುವ ನಿಮ್ಮ ಲೆಕ್ಕವನ್ನು ನಾನು ಒಪ್ಪಲ್ಲ. ಷಟ್ಪದಿ ಕೀಳೇನಲ್ಲ. ಕುಮಾರವ್ಯಾಸನ ಭಾರತವೂ ಗಮಕಿಗಳ ಬಾಯಲ್ಲೇ ಊರೂರಿಗೆ ಹೋಯಿತು. ಆದರೆ ಮಾರಮ್ಮನ ಕತೆಗೆ ನಿಮ್ಮೂರಲ್ಲೇ ಒಂದು ಹಾಡುವ ಮಟ್ಟು ಇರಬಹುದು. ಸೋಬಾನೆ ಹೇಳುವ ಹೆಂಗಸರನ್ನು ಮೊದಲು ಕೇಳಿ. ನೀಲಗಾರರನ್ನು ಕೇಳಲು ಬನದ ಹುಣ್ಣಿಮೆಗೆ ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಗೆ ಹೋಗಿ. ಇಲ್ಲವೇ ಶಿವರಾತ್ರಿಗೆ ಶುರುವಾಗುವ ಕಪ್ಪಡಿ ಜಾತ್ರೆಗೆ. ರೆಕಾರ್ಡ್ ಮಾಡೋದಾದರೆ ಹಾಡುವವರನ್ನು ಕೇಳಿಯೇ ಮಾಡಿ, ಅವರಿಗೆ ಕೊಡಬೇಕಾದ್ದು ಕೊಡಿ, ಕತೆ ಮುಗಿಯುವವರೆಗೂ ಫೋನ್ ಮುಟ್ಟಬೇಡಿ.

ಬರೆದ ಮೇಲೆ ಹಾಳೆ ಕೊಟ್ಟು ಓದಿ ಅನ್ನಬೇಡಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಜೋರಾಗಿ ಹೇಳಿ. 'ಯಾರು ಹೇಳಿದ್ದು?' ಅಂತ ಅವರು ಎಲ್ಲಿ ತಡೆದು ಕೇಳುತ್ತಾರೋ ಅಲ್ಲಿ ಆ ಹೆಸರನ್ನು ಇನ್ನೊಂದು ಸಲ ಸೇರಿಸಿ, ಮಾತ್ರೆ ಕೆಟ್ಟರೂ ಸರಿ.