ಸಂಪಾದಕರ ಉತ್ತರ: ಎರಡು ತಳಿ ಸಾಲದೇ ಎಂದು ಕೇಳಿದ ಹಾಸನದ ಓದುಗರಿಗೆ

ಪೆರು ದೇಶದ ಆಲೂಗೆಡ್ಡೆ ಬೆಳೆಗಾರರ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಕೇಳಿದ್ದೀರಿ: "ಒಳ್ಳೆ ಇಳುವರಿ ಕೊಡುವ ಎರಡು ತಳಿ ಇದ್ದರೆ ಸಾಲದೇ? ಉಳಿದವನ್ನು ತಳಿ ಬ್ಯಾಂಕಿನಲ್ಲಿ, ಅಂದರೆ ತಳಿಗಳನ್ನು ಕಾಪಿಡುವ ಕೇಂದ್ರದಲ್ಲಿ, ಇಟ್ಟರಾಯಿತು." ಸಾಲದು ಸರ್.

ಪೆರುವೂ ಸೇರಿದ ಆಂಡೀಸ್ ಬೆಟ್ಟಗಳಲ್ಲಿ ಆಲೂಗೆಡ್ಡೆಯ ನಾಲ್ಕು ಸಾವಿರದಷ್ಟು ನಾಟಿ ತಳಿಗಳಿವೆ. ಶೋಕಿಗೆ ಇಟ್ಟುಕೊಂಡದ್ದಲ್ಲ. ಅಲ್ಲಿನ ಸಣ್ಣ ರೈತರಿಗೆ ಬೇರೆಬೇರೆ ಎತ್ತರದಲ್ಲಿ ಚೂರುಪಾರು ಜಮೀನು, ಒಂದೊಂದು ಚೂರಿನಲ್ಲೂ ಹಲವು ತಳಿ ಬೆರೆಸಿ ನೆಡುತ್ತಾರೆ. ಒಂದು ತಳಿ ಹಿಮಕ್ಕೆ ಸುಟ್ಟುಹೋದರೂ ಇನ್ನೊಂದು ಕೈಹಿಡಿಯುತ್ತದೆ. ನಾಲ್ಕು ಸಾವಿರ ಮೀಟರ್ ಎತ್ತರದ ಆಸುಪಾಸಿನಲ್ಲಿ ಹಿಮ ತಡೆಯುವ ಕಹಿ ಗೆಡ್ಡೆ ಬೆಳೆಯುತ್ತಾರೆ. ಅದನ್ನು ಹಾಗೇ ಬೇಯಿಸಿ ತಿನ್ನೋಕಾಗಲ್ಲ. ಜೂನ್, ಜುಲೈ ಚಳಿಯಲ್ಲಿ ರಾತ್ರಿ ಬಯಲಲ್ಲಿ ಹರಡಿ ಹೆಪ್ಪುಗಟ್ಟಿಸಿ, ಬಿಸಿಲಿಗೆ ಮೆತ್ತಗಾದ ಮೇಲೆ ಕಾಲಲ್ಲಿ ತುಳಿದು ನೀರು ಹಿಂಡಿ, ಸಿಪ್ಪೆ ಬಿಡಿಸಿ, ಒಣಗಿಸಿ ಇಟ್ಟರೆ ಅದೇ ಚುನ್ಯೊ, ವರ್ಷಗಟ್ಟಲೆ ಕೆಡಲ್ಲ.

ಈಗ ಸೆಕೆ ಜಾಸ್ತಿಯಾಗುತ್ತಿದೆ. ಗೆಡ್ಡೆ ಕೊರೆಯುವ ಹುಳ, ನಿಮಗೆ ಚೆನ್ನಾಗಿ ಗೊತ್ತಿರುವ, ಗಿಡವನ್ನೇ ಕಪ್ಪಾಗಿಸುವ ಅಂಗಮಾರಿ ರೋಗ, ಎರಡೂ ಬೆಟ್ಟ ಹತ್ತುತ್ತಿವೆ. ರೈತರೂ ಇನ್ನಷ್ಟು ಮೇಲೆ ನೆಡುತ್ತಿದ್ದಾರೆ. ಎಲ್ಲಿವರೆಗೆ ಹೋಗ್ತಾರೆ, ಬೆಟ್ಟಕ್ಕೂ ಒಂದು ತುದಿ ಇದೆ ಅಲ್ವಾ? ಜೊತೆಗೆ ಮಾರುಕಟ್ಟೆಯ ಕಾಟ. ವ್ಯಾಪಾರಿಗೆ ದಪ್ಪ, ನುಣುಪು, ಒಂದೇ ಅಳತೆಯ ಗೆಡ್ಡೆ ಬೇಕು, ಬಣ್ಣಬಣ್ಣದ ಸೊಟ್ಟ ಗೆಡ್ಡೆ ಬೇಡ. ಆಲೂಗೆಡ್ಡೆಯ ತವರಾದ ಪೆರುವೇ ಯುರೋಪಿನಿಂದ ಫ್ರೆಂಚ್ ಫ್ರೈಸ್ ತರಿಸಿಕೊಳ್ಳುತ್ತಿದೆ ಅಂದರೆ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನು ತಳಿ ಬ್ಯಾಂಕ್. ಲಿಮಾದಲ್ಲಿ 1971ರಲ್ಲಿ ಶುರುವಾದ ಅಂತರರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರ ದೊಡ್ಡ ಕೆಲಸ ಮಾಡಿದೆ, ಅದು ಬೇಕೇ ಬೇಕು. ಆದರೆ ಕೊಠಡಿಯಲ್ಲಿಟ್ಟ ತಳಿ ಈ ವರ್ಷದ ಬಿಸಿಲು, ಈ ವರ್ಷದ ರೋಗ ನೋಡುವುದಿಲ್ಲ. ಪೆರುವಿನ ಕುಸ್ಕೊ ನಗರದ ಹತ್ತಿರ ಪಿಸಾಕಿನಲ್ಲಿ ಕೆಚುವಾ ಎಂಬ ಮೂಲನಿವಾಸಿಗಳ ಹಳ್ಳಿಗಳು ಸೇರಿ, ನಾಟಿ ತಳಿಗಳನ್ನು ಹೊಲದಲ್ಲೇ ಉಳಿಸಲು ಆಲೂಗೆಡ್ಡೆ ಉದ್ಯಾನ ಮಾಡಿಕೊಂಡಿವೆ. 2004ರ ಒಪ್ಪಂದದ ಪ್ರಕಾರ ಆ ಕೇಂದ್ರವೇ ಅವರಿಗೆ ಸುಮಾರು 400 ತಳಿಗಳನ್ನು, ವೈರಸ್ ತೆಗೆದು, ವಾಪಸ್ ಕೊಟ್ಟಿತು. ನೆಟ್ಟು ಉಳಿಸುವ ಕೈಗಳು ಹಳ್ಳಿಯಲ್ಲಿ ಇದ್ದವು, ಅದಕ್ಕೇ ಕೊಡಲು ಸಾಧ್ಯವಾಯಿತು.

ನಿಮ್ಮ ಹಾಸನದಲ್ಲೇ ನೋಡಿ. ಬಹುಪಾಲು ಹೊಲಗಳಲ್ಲಿ ಕುಫ್ರಿ ಜ್ಯೋತಿ ತಳಿ ಒಂದೇ, ಬಿತ್ತನೆ ಗೆಡ್ಡೆ ಬರುವುದು ದೂರದ ಪಂಜಾಬಿನಿಂದ. ಮುಂಗಾರಿನಲ್ಲಿ ಮೋಡ ಮುಚ್ಚಿ ಜಿಟಿಜಿಟಿ ಮಳೆ ಹಿಡಿದರೆ ಅಂಗಮಾರಿ ಬಂದು ಊರಿಗೂರೇ ಬೆಳೆ ಒಟ್ಟಿಗೆ ಕಪ್ಪಾಗುತ್ತದೆ. ಈ ಸಲ ಬಿತ್ತನೆಗೆ ಎಷ್ಟು ಖರ್ಚಾಯಿತು, ಅಂಗಮಾರಿಗೆ ಎಷ್ಟು ಸಲ ಔಷಧಿ ಹೊಡೆದಿರಿ, ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.