ರಾಯಚೂರು ದೋಆಬ್ ಎಂದರೆ ಎಲ್ಲಿಂದ ಎಲ್ಲಿಯವರೆಗೆ? ಹಳೆಯ ಹೆಸರೇನು?

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವಿನ ನೆಲವೇ ರಾಯಚೂರು ದೋಆಬ್. ಪೂರ್ವದಲ್ಲಿ ಕರ್ನೂಲಿನ ಸಮೀಪ ಎರಡೂ ನದಿಗಳು ಕೂಡುವಲ್ಲಿ ಅದು ಮುಗಿಯುತ್ತದೆ.

ಗೊಂದಲವಿರುವುದು ಪಶ್ಚಿಮದ ಗಡಿಯಲ್ಲಿ. ಅಲ್ಲಿ ಎಲ್ಲೆ ಗುರುತಿಸಲು ಅಡ್ಡಲಾಗಿ ನದಿಯಿಲ್ಲ. ರಾಯಚೂರು, ಮುದಗಲ್ಲು ಕೋಟೆಗಳು ವಿಜಯನಗರ ಮತ್ತು ಬಹಮನಿಗಳ ನಡುವೆ ಕೈ ಬದಲಾದಂತೆ ಗಡಿಯೂ ಸರಿಯುತ್ತಿತ್ತು. ಹಾಗಾಗಿ ಭೂಪಟದಲ್ಲಿ ಆ ಬದಿಗೆ ಖಚಿತ ಗೆರೆ ಹುಡುಕಬೇಡಿ.

ದೋಆಬ್ ಪಾರಸಿ ಪದ: ದೋ ಎಂದರೆ ಎರಡು, ಆಬ್ ಎಂದರೆ ನೀರು. ಅದಕ್ಕೂ ಮೊದಲು ಶಾಸನಗಳು ಈ ಸೀಮೆಯನ್ನು ‘ಎಡೆದೊರೆ ಎರಡು ಸಾವಿರ’ ಎಂದು ಕರೆದಿವೆ. ಎಡೆ ಎಂದರೆ ನಡುವೆ, ತೊರೆ ಎಂದರೆ ಹೊಳೆ. ಸಂಧಿಯಲ್ಲಿ ತಕಾರ ದಕಾರವಾಗಿದೆ. ನನ್ನನ್ನು ಕೇಳಿದರೆ ಈ ಅಚ್ಚಗನ್ನಡ ಹೆಸರೇ ಹೆಚ್ಚು ಚಂದ.