ಖಾಲಿ ಹಾಳೆಯಿಂದಲೇ ಆರಂಭಿಸಿ

ಪ್ರಿಯರೇ,

‘ದಿ ಮ್ಯಾಡ್ ಫೀನಿಕ್ಸ್’ ಚಿತ್ರದ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಆದರೆ ಒಂದು ಸಾಲಿನ ವಿಷಾದಪತ್ರ ಬರೆದು ಹಿಂದಿರುಗಿಸಲು ಮನಸ್ಸಾಗಲಿಲ್ಲ.

1997ರ ಈ ಹಾಂಗ್‌ಕಾಂಗ್ ಚಿತ್ರವನ್ನು ನಮ್ಮ ಓದುಗರಲ್ಲಿ ಬಹಳ ಮಂದಿ ನೋಡಿರಲಾರರು. ಗುವಾಂಗ್‌ಝೌನ ದೊಡ್ಡ ಮನೆತನದ ಹದಿಮೂರನೆಯ ಮಗ, ಅದನ್ನೇ ಕಾವ್ಯನಾಮ ಮಾಡಿಕೊಂಡು 1930ರ ದಶಕದಲ್ಲಿ ದಕ್ಷಿಣ ಚೀನಾದ ಕ್ಯಾಂಟನೀಸ್ ಭಾಷೆಯ ಗೀತನಾಟಕಗಳನ್ನು ಬರೆದು ಮೆರೆದವನು, ಕೊನೆಗೆ ಹಾಂಗ್‌ಕಾಂಗ್‌ನ ಬೀದಿಗೆ ಬೀಳುತ್ತಾನೆ. ನೀವು ಮೊದಲ ಪುಟದಲ್ಲೇ ಐದು ಸಲ ‘ಹುಚ್ಚು ಪ್ರತಿಭೆ’ ಎಂದಿದ್ದೀರಿ. ಆತ ಹೇಗೆ ಬರೆಯುತ್ತಿದ್ದ ಎಂಬುದು ಮಾತ್ರ ಎಲ್ಲೂ ಇಲ್ಲ. ನನಗೆ ನೋವಾದದ್ದು ಅಲ್ಲಿಯೇ.

ಚಿತ್ರದಲ್ಲಿ ಅದು ಕಣ್ಣೆದುರೇ ಇದೆಯಲ್ಲ! ಆತ ಹಾಡುತ್ತ, ಅಭಿನಯಿಸುತ್ತ ಸಾಲುಗಳನ್ನು ಹೇಳುತ್ತ ಹೋಗುತ್ತಾನೆ. ಬರೆದುಕೊಳ್ಳುವವರ ಕೈ ಸೋಲುತ್ತದೆ. ಟಾಂಗ್ ಟಿಕ್‌ಸಾಂಗ್ ಎಂಬ ಹುಡುಗನ ಲೇಖನಿ ಮಾತ್ರ ಹಿಂದೆ ಬೀಳುವುದಿಲ್ಲ. ಗುರುಶಿಷ್ಯ ಸಂಬಂಧ ಕುದುರುವುದು ಆ ವೇಗದಲ್ಲಿ. ಈ ದೃಶ್ಯಕ್ಕೆ ನೀವು ಅರ್ಧ ವಾಕ್ಯ ಕೊಟ್ಟಿದ್ದೀರಿ.

ಇನ್ನು, ಈ ಕಲೆಯನ್ನು ‘ಚೀನಾದ ಯಕ್ಷಗಾನ’ ಎಂದು ಕರೆದು ಮುಂದೆ ಸಾಗಿದ್ದೀರಿ. ಬಣ್ಣ, ವೇಷ, ವಾದ್ಯಗಳ ಮಟ್ಟಿಗೆ ಒಪ್ಪೋಣ. ಆದರೆ ನಮ್ಮ ಅರ್ಥಧಾರಿ ರಂಗದ ಮೇಲೆಯೇ ಮಾತು ಕಟ್ಟುತ್ತಾನೆ. ಅಲ್ಲಿನ ಕವಿಯ ಕಷ್ಟವೇ ಬೇರೆ. ಕ್ಯಾಂಟನೀಸ್‌ನಲ್ಲಿ ‘ಸೀ’ ಎಂಬ ಒಂದೇ ಉಚ್ಚಾರ ಸ್ವರದ ಏರಿಳಿತಕ್ಕೆ ತಕ್ಕಂತೆ ಕವಿತೆ, ಇತಿಹಾಸ, ಕಾಲ ಎಂದೆಲ್ಲ ಅರ್ಥ ಕೊಡುತ್ತದೆ. ರಾಗದ ಏರಿಳಿತಕ್ಕೆ ಪದದ ಏರಿಳಿತ ಒಗ್ಗದಿದ್ದರೆ ಕೇಳುಗನಿಗೆ ಬೇರೆಯದೇ ಪದ ಕೇಳಿಸೀತು. ಇಂಥ ಇಕ್ಕಟ್ಟಿನಲ್ಲಿ ಒಬ್ಬ ನಿಂತಲ್ಲೇ ಹಾಡು ಕಟ್ಟುತ್ತಾನೆ ಎಂದರೆ ಏನೆಂದು ಓದುಗನಿಗೆ ಕಾಣಿಸಿ. ಆಮೇಲೆ ಆತನ ಕುಸಿತ ತಾನಾಗಿಯೇ ಎದೆಗೆ ತಾಕುತ್ತದೆ. ವಿಶೇಷಣಗಳ ನೆರವು ಬೇಕಾಗುವುದಿಲ್ಲ.

ಎರಡು ತಪ್ಪುಗಳನ್ನು ತಿದ್ದಲೇಬೇಕು. ಟಾಂಗ್ ಸಾವಿನ ದೃಶ್ಯವನ್ನು ‘ನಂಬಲಾಗದ ಸಿನಿಮೀಯ ತಿರುವು’ ಎಂದಿದ್ದೀರಿ. ಅದು ನಡೆದದ್ದೇ. 1959ರಲ್ಲಿ ತಮ್ಮದೇ ನಾಟಕದ ಮೊದಲ ಪ್ರದರ್ಶನದಂದು ಅವರು ರಂಗಮಂದಿರದಲ್ಲಿಯೇ ಕುಸಿದುಬಿದ್ದರು, ಮತ್ತೆ ಉಳಿಯಲಿಲ್ಲ. ಆಗ ಅವರಿಗೆ 42 ವರ್ಷ. ಎರಡನೆಯದು, ನಾಯಕನ ಅಭಿನಯ ‘ಅತಿಯಾಯಿತು’ ಎಂಬ ದೂರು. ಚಿತ್ರಕಥೆಗಾರ ರೇಮಂಡ್ ಟೋ ಇದನ್ನು ಮೊದಲು ಬರೆದದ್ದು ರಂಗಕ್ಕೆ. ನಾಯಕನಟ ತ್ಸೆ ಕ್ವಾನ್‌ಹೋ ಅಲ್ಲಿಯೂ ಇದೇ ಪಾತ್ರ ಮಾಡಿದವರು. ಅದು ಗೊತ್ತಿದ್ದೂ ನಿಮಗೆ ಹಾಗೆಯೇ ಅನ್ನಿಸಿದರೆ ಧಾರಾಳವಾಗಿ ಬರೆಯಿರಿ, ಕಾರಣ ಕೊಟ್ಟು.

ಈಗ ನನಗೆ ನಿಜಕ್ಕೂ ಹಿಡಿಸಿದ ಜಾಗ. ಬೀದಿಪಾಲಾದ ನಾಯಕ ಬರಿಯ ಬಿಳಿ ಹಾಳೆಯೊಂದನ್ನು ತೋರಿಸಿ, ಇದು ಹಿಮಪರ್ವತದ ಮೇಲಿನ ಬಿಳಿ ಫೀನಿಕ್ಸ್ ಎನ್ನುತ್ತಾನಲ್ಲ, ಅಲ್ಲಿ ನೀವು ‘ನಾನೂ ಆ ಹಾಳೆಯಲ್ಲಿ ಹಕ್ಕಿಯನ್ನು ಹುಡುಕಿದೆ’ ಎಂದು ಬರೆದಿದ್ದೀರಿ. ಇಡೀ ಲೇಖನದಲ್ಲಿ ಬೇರೆ ಯಾರೂ ಬರೆಯಲಾರದ ಸಾಲು ಅದೊಂದೇ. ಅದನ್ನು ನಾಲ್ಕನೆಯ ಪುಟದಲ್ಲಿ ಹೂತಿಟ್ಟಿದ್ದೀರಿ.

ಅಲ್ಲಿಂದಲೇ ಆರಂಭಿಸಿ. ಮೊದಲ ಎರಡು ಪುಟಗಳನ್ನು ತೆಗೆದುಹಾಕಿ. ಬೀದಿಯಲ್ಲಿ ನಿಂತು ಈ ಕಥೆ ಹೇಳುವವನೂ ಸೋತ ಬರಹಗಾರನೇ ಎಂಬುದನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ಅವನಿಗೂ ಜಾಗ ಕೊಡಿ. ತಿಂಗಳೊಳಗೆ ಕಳುಹಿಸಿದರೆ ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ